ದಾಸ ತಾಂಡೇಲನ ಮುನ್ನೂರ ಹನ್ನೆರಡು ಗುರುತುಗಳು

ದಾಸ ಹರಿಕಂತ್ರನಷ್ಟು ಅನುಮಾನದ ಮನುಷ್ಯ ಹೊನ್ನಾವರದ ಬಂದರಿನಲ್ಲಿ ಇನ್ನೊಬ್ಬನಿಲ್ಲ. ಹೋಟೆಲಿನಲ್ಲಿ ಚಾ ಕುಡಿಯುವಾಗಲೂ ಗೋಡೆಗೆ ಬೆನ್ನು ಕೊಟ್ಟೇ ಕೂರುವವ. "ದಾಸಣ್ಣ, ನಿನ್ನೆ ಮೀನು ಎಲ್ಲಿ ಬಿತ್ತು?" ಅಂತ ಯಾರಾದರೂ ಕೇಳಿದರೆ "ಸಮುದ್ರದಲ್ಲಿ" ಅನ್ನುತ್ತಾನೆ. ಅವನ ಹೆಂಡತಿ ದುರ್ಗಿ ಹೇಳುವ ಪ್ರಕಾರ, ದೇವಸ್ಥಾನದಲ್ಲಿ ಪ್ರಸಾದ ಕೊಟ್ಟರೂ ಪಕ್ಕದವನ ಕೈಗೆ ಎಷ್ಟು ಬಿತ್ತು ಅಂತ ನೋಡದೆ ಬಾಯಿಗೆ ಹಾಕಿಕೊಂಡವನಲ್ಲ. ದುರ್ಗಿ ಮೀನು ಮಾರುವವಳು, ದಿನಕ್ಕೆ ಇನ್ನೂರು ಜನರ ಮುಖ ನೋಡುವವಳು. ಅವಳ ಲೆಕ್ಕ ತಪ್ಪುವುದು ಕಡಿಮೆ.

ಐವತ್ತೇಳು ವರ್ಷದ ಈ ಮನುಷ್ಯ ತಳಕ್ಕೆ ಬಲೆ ಬಿಟ್ಟು ಎಳೆಯುವ ಒಂದು ಟ್ರಾಲ್ ಬೋಟಿನ ತಾಂಡೇಲ. ಬೋಟು ಅವನದಲ್ಲ, ಭಟ್ಕಳದ ಸಂಜಯ ಮೊಗೇರ ಎಂಬ ಸಾವ್ಕಾರನದು. ಆದರೆ ಸಮುದ್ರಕ್ಕೆ ಬಿದ್ದ ಮೇಲೆ ಬೋಟು ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಅಂತ ಹೇಳುವವ ತಾಂಡೇಲ. ಆ ಬಿಡಬಾರದು ಅನ್ನುವುದರಲ್ಲೇ ವಿದ್ಯೆ ಇರುವುದು. ನೀರಿನ ಅಡಿಗೆ ಕಲ್ಲುಗಳಿವೆ, ಯಾವ ಕಾಲದಲ್ಲೋ ಮುಳುಗಿದ ಹಡಗಿನ ಎಲುಬುಗಳಿವೆ. ಬಲೆ ಅದಕ್ಕೆ ಸಿಕ್ಕಿಕೊಂಡರೆ ಎಳೆದವನ ಕೈಗೆ ಬರುವುದು ಬರೀ ಹಗ್ಗ. ಅಂಥ ಜಾಗಗಳನ್ನೂ ಮೀನು ಸೇರುವ ಜಾಗಗಳನ್ನೂ ಬೋಟಿನ ಜಿಪಿಎಸ್ ಯಂತ್ರದಲ್ಲಿ ಗುರುತು ಹಾಕಿ ಇಟ್ಟುಕೊಳ್ಳುತ್ತಾರೆ. ದಾಸನ ಹತ್ತಿರ ಮೂವತ್ತು ವರ್ಷದ ದುಡಿಮೆಯಲ್ಲಿ ಕೂಡಿದ ಮುನ್ನೂರ ಹನ್ನೆರಡು ಗುರುತುಗಳಿದ್ದವು. ಮನೆ ಹೆಂಡತಿಯ ಹೆಸರಿನಲ್ಲಿದೆ, ಬೋಟು ಸಾವ್ಕಾರನದು, ಮೈಮೇಲಿನ ಅಂಗಿ ಬಿಟ್ಟರೆ ಅವನದು ಅನ್ನುವುದು ಇವಿಷ್ಟೇ.

ಇವನ್ನು ಕದಿಯಲು ಇಡೀ ಕರಾವಳಿ ಹೊಂಚು ಹಾಕಿ ಕೂತಿದೆ ಎಂಬುದು ದಾಸನ ನಂಬಿಕೆ. ಪೂರ್ತಿ ಸುಳ್ಳು ಅಂತಲೂ ಹೇಳುವ ಹಾಗಿಲ್ಲ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್ ಇರುವಾಗ ಬೋಟುಗಳು ರಿಪೇರಿಗೆ ನಿಲ್ಲುತ್ತವೆ. ಯಂತ್ರ ನೋಡಲು ಬಂದ ಮೆಕ್ಯಾನಿಕ್ ಒಂದು ಕಾರ್ಡು ತೂರಿಸಿ ಗುರುತುಗಳನ್ನೆಲ್ಲ ಎತ್ತಿಕೊಂಡು ಹೋಗಿ ಪಕ್ಕದ ಬೋಟಿನವನಿಗೆ ದಾಟಿಸಿದ ಕಥೆಗಳು ಬಂದರಿನಲ್ಲಿ ಬೇಕಾದಷ್ಟು ಸಿಗುತ್ತವೆ. ಹಾಗಾಗಿ ದಾಸ ಪ್ರತಿ ಮೇ ಕೊನೆಗೆ ಯಂತ್ರವನ್ನು ಒರೆಸಿ ಖಾಲಿ ಮಾಡಿಯೇ ಬೋಟು ಇಳಿಯುತ್ತಿದ್ದ. ಆಗಸ್ಟಿನಲ್ಲಿ ನೋಟ್‌ಬುಕ್ಕು ನೋಡಿ ಒಂದೊಂದನ್ನೇ ಒತ್ತಿ ತುಂಬುತ್ತಿದ್ದ. ಆ ನೋಟ್‌ಬುಕ್ಕನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಿದ್ದ. ದುರ್ಗಿ ಅಕ್ಕಿ ತೆಗೆಯುವಾಗಲೆಲ್ಲ ಅದು ಕೈಗೆ ಸಿಗುತ್ತಿತ್ತು, ನೋಡೇ ಇಲ್ಲದವಳ ಹಾಗೆ ಮತ್ತೆ ಹೂಳುತ್ತಿದ್ದಳು.

ಆದರೆ ಮೆಕ್ಯಾನಿಕ್ಕಿಗಿಂತ ದೊಡ್ಡ ಕಳ್ಳ ದಾಸನ ಸ್ವಂತ ಬಾಯಿ. ಎಚ್ಚರ ಇದ್ದಾಗ ಹಲ್ಲು ಕಚ್ಚಿ ಹಿಡಿದದ್ದೆಲ್ಲ ನಿದ್ದೆ ಹತ್ತಿದ ಕೂಡಲೇ ಸೋರುತ್ತದೆ. ಮಧ್ಯಾಹ್ನ ಉಂಡು ಬೋಟಿನ ಕ್ಯಾಬಿನ್ನಿನಲ್ಲಿ ಅಡ್ಡಾದರೆ ಸಾಕು, "ಹದಿನಾಲ್ಕು ಹದಿನಾರು, ಎಪ್ಪತ್ನಾಲ್ಕು ಎರಡು, ಅಲ್ಲಿ ಸಿಗಡಿ" ಅಂತ ಶುರು. ಐದು ವರ್ಷದ ಹಿಂದೆ ದುರ್ಗಿಯ ತಮ್ಮ ರಾಜೇಶ ಅದೇ ಬೋಟಿನಲ್ಲಿ ಬಲೆ ಎಳೆಯುವ ಖಲಾಸಿಯಾಗಿದ್ದ, ಭಾವನ ಪಕ್ಕದಲ್ಲೇ ಚಾಪೆ ಹಾಕುತ್ತಿದ್ದ. ಕಣ್ಣು ಮುಚ್ಚುತ್ತಿದ್ದ, ಕಿವಿ ಮುಚ್ಚುತ್ತಿರಲಿಲ್ಲ. ಒಂದೇ ಸೀಸನ್ನಿನಲ್ಲಿ ಎಂಟು ಗುರುತು ಕೇಳಿಸಿಕೊಂಡು ಮುಂದಿನ ವರ್ಷ ಇನ್ನೊಂದು ಬೋಟಿಗೆ ತಾಂಡೇಲನಾಗಿ ಹತ್ತಿದ. ಆವತ್ತಿನಿಂದ ಭಾವ–ಭಾವಮೈದುನರ ಮಾತು ಬಂದ್. ರಾಜೇಶ ಎದುರು ಬಂದರೆ ದಾಸ ರಸ್ತೆ ಬದಲಿಸುತ್ತಾನೆ, ರಸ್ತೆ ಬದಲಿಸಲು ಜಾಗ ಇಲ್ಲದಿದ್ದರೆ ಆಕಾಶ ನೋಡುತ್ತಾನೆ.

ಹೋದ ವರ್ಷ ಮೇ ತಿಂಗಳಿನಲ್ಲಿ ಈ ಕಳ್ಳತನಕ್ಕೆಲ್ಲ ಒಂದು ಮದ್ದು ಸಿಕ್ಕಿತು. ದುರ್ಗಿಯ ತಂಗಿಯ ಮಗಳು ದಿವ್ಯಶ್ರೀ ಕುಮಟಾದ ಹತ್ತಿರ ಬಾಡದವಳು, ಕುಮಟಾದ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ತನ್ನ ಹಳೇ ಲ್ಯಾಪ್‌ಟಾಪನ್ನು ದೊಡ್ಡಪ್ಪನಿಗೆ ಕೊಟ್ಟು, ಬೋಟಿನ ಯಂತ್ರದ ಗುರುತುಗಳನ್ನೆಲ್ಲ ಒಂದು ಫೈಲಿಗೆ ಇಳಿಸಿ, ಅದಕ್ಕೆ ಬೀಗ ಹಾಕಿಕೊಡುತ್ತೇನೆ ಅಂದಳು.

"ದೊಡ್ಡಪ್ಪ, ಒಂದು ಪಾಸ್‌ವರ್ಡ್ ಹೇಳಿ."

"ಬಾಯಲ್ಲಿ ಹೇಳೂಕೆ ಬರುವಂಥದ್ದು ನಂಗೆ ಬ್ಯಾಡ" ಅಂದ ದಾಸ. "ಮಧ್ಯಾಹ್ನಕ್ಕೆ ಖಲಾಸಿಗಳಿಗೆಲ್ಲ ಬಾಯಿಪಾಠ ಆಗ್ತದೆ."

ದಿವ್ಯಶ್ರೀ ಸ್ವಲ್ಪ ಯೋಚಿಸಿ ಬೇರೆ ದಾರಿ ಹೇಳಿದಳು. ಪಾಸ್‌ವರ್ಡಿನ ಬದಲು ಫೋನಿನಲ್ಲಿರುವ ಯಾವುದಾದರೂ ಒಂದು ಫೋಟೋವನ್ನೇ ಬೀಗದ ಕೈ ಮಾಡಬಹುದು. "ಫೋಟೋದ ಒಳಗೆ ಲಕ್ಷಗಟ್ಟಲೆ ಅಂಕಿ ಇರ್ತದೆ ದೊಡ್ಡಪ್ಪ. ಅಷ್ಟೂ ಸೇರಿ ಬೀಗದ ಕೈ. ಅದ್ರಲ್ಲಿ ಒಂದೇ ಒಂದು ಅಂಕಿ ಆಚೀಚೆ ಆದ್ರೂ ಬೀಗ ತೆಗೆಯೂದಿಲ್ಲ. ಫೋಟೋ ಕಳದ್ರೆ ಮತ್ತೆ ಬ್ರಹ್ಮ ಬಂದ್ರೂ ಎಂತ ಮಾಡೂಕಾಗೂದಿಲ್ಲ, ನಾನಂತೂ ಮೊದ್ಲೇ ಇಲ್ಲ."

ದಾಸನಿಗೆ ಇದು ಎಷ್ಟು ಹಿಡಿಸಿತೆಂದರೆ, ಮುಖದಲ್ಲಿ ನಗು ಬಂತು. ಫೋನಿನ ಒಂದೂಕಾಲು ಸಾವಿರ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಇಳಿಸಿ, ಎಲ್ಲಿ ಒತ್ತಬೇಕೆಂದು ತೋರಿಸಿದ ಮೇಲೆ, ಹೆಂಡತಿಯನ್ನೂ ಆ ಹುಡುಗಿಯನ್ನೂ ಅಡುಗೆಮನೆಗೆ ಅಟ್ಟಿ ಬಾಗಿಲು ಹಾಕಿಕೊಂಡ. ಅರ್ಧ ತಾಸಿನ ಮೇಲೆ ಬಾಗಿಲು ತೆರೆದಾಗ ಬೀಗ ಬಿದ್ದಿತ್ತು, ಲ್ಯಾಪ್‌ಟಾಪಿನ ಫೋಟೋಗಳೆಲ್ಲ ಅಳಿಸಿಹೋಗಿದ್ದವು. ಬೀಗದ ಕೈಯನ್ನು ಬೀಗದ ಪಕ್ಕದಲ್ಲೇ ಯಾರು ಇಡುತ್ತಾರೆ? ಆಮೇಲೆ ಅಕ್ಕಿ ಡಬ್ಬಿಯ ನೋಟ್‌ಬುಕ್ಕನ್ನು ತೆಗೆದು ಬಚ್ಚಲ ಒಲೆಗೆ ಹಾಕಿದ. ಆ ಸಂಜೆ ಸ್ನಾನದ ನೀರು ಮೂವತ್ತು ವರ್ಷದ ಸಮುದ್ರವಿದ್ಯೆಯಲ್ಲಿ ಕಾಯಿತು. ಮಿಂದ ದುರ್ಗಿಗೆ ಬುದ್ಧಿ ಹೆಚ್ಚಾದದ್ದೇನೂ ಗೊತ್ತಾಗಲಿಲ್ಲ.

ಹೋದ ಆಗಸ್ಟಿನಲ್ಲಿ ಬೀಗ ಸಲೀಸಾಗಿ ತೆರೆಯಿತು. ದಾಸ ಗುರುತುಗಳನ್ನು ಕಾರ್ಡಿಗೆ ಹಾಕಿ, ಕಾರ್ಡಿನಿಂದ ಯಂತ್ರಕ್ಕೆ ತುಂಬಿ, ಕಾರ್ಡನ್ನು ಕತ್ತರಿಯಲ್ಲಿ ಕತ್ತರಿಸಿ ಶರಾವತಿಗೆ ಎಸೆದ. ವರ್ಷವಿಡೀ ಹೊಸದಾಗಿ ಹಾಕಿದ ಗುರುತುಗಳನ್ನು ಈ ಮೇ ತಿಂಗಳಲ್ಲಿ ಅದೇ ಫೈಲಿಗೆ ಸೇರಿಸಿ, ಎಂದಿನಂತೆ ಯಂತ್ರ ಒರೆಸಿದ. ಅಲ್ಲಿಯವರೆಗೆ ಎಲ್ಲಾ ಸರಿಯಿತ್ತು.

ಆಮೇಲೆ ಹೊಸ ಫೋನು ತಗೊಂಡ. ಹಳೇದು ಬಿಸಿಯಾಗುತ್ತದೆ, ಕಿವಿ ಸುಡುತ್ತದೆ ಅಂತ ದೂರು. ಹಳೇ ಫೋನಿನ ಫೋಟೋಗಳನ್ನು ಹೊಸದಕ್ಕೆ ತರುವುದು ಹೇಗೆ ಅಂತ ದಿವ್ಯಶ್ರೀಯನ್ನು ಒಂದು ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೇಳಿದರೆ ಅವಳಿಗೆ ಅನುಮಾನ ಬಂದೀತಲ್ಲ, ಕೇಳಲಿಲ್ಲ. ಊರಿನವರೆಲ್ಲ ಮಾಡುವುದನ್ನೇ ಮಾಡಿದ: ಕೂತು ಎರಡು ದಿನ ಒಂದೂವರೆ ಸಾವಿರ ಫೋಟೋಗಳನ್ನೂ ವಾಟ್ಸಾಪಿನಲ್ಲಿ ದುರ್ಗಿಗೆ ಕಳಿಸಿ, ದುರ್ಗಿಯ ಫೋನಿನಿಂದ ತನ್ನ ಹೊಸ ಫೋನಿಗೆ ವಾಪಸು ಕಳಿಸಿಕೊಂಡ. "ಆತು, ಎಲ್ಲಾ ಬಂತು. ಹಳೇದು ಎಂತಕ್ಕೂ ಬ್ಯಾಡ" ಅಂದ.

ಬ್ಯಾಡ ಅಂದ ಮೇಲೆ ದುರ್ಗಿ ಇಟ್ಟುಕೊಳ್ಳುತ್ತಾಳಾ? ಮರುವಾರ ಗಾಡಿಯಲ್ಲಿ ಮೈಕು ಕಟ್ಟಿಕೊಂಡು "ಹಳೇ ಮೊಬೈಲ್ ಕೊಡಿ, ಬಕೇಟ್ ತಗೊಳಿ" ಅಂತ ಕೂಗುವವ ಬಂದ. ಹಳೇ ಫೋನು ಕೊಟ್ಟಳು. ಅವನು ಬಕೇಟ್ ಕೊಡಲು ಹೋದ, ಇವಳು ಜಗಳ ಮಾಡಿ ಮೀನು ತೊಳೆಯುವ ದೊಡ್ಡ ನೀಲಿ ಟಬ್ಬು ತಗೊಂಡಳು. ಗೆದ್ದ ಖುಷಿಯಲ್ಲಿ ಎರಡು ದಿನ ಅಕ್ಕಪಕ್ಕದವರಿಗೆಲ್ಲ ತೋರಿಸಿದಳು.

ಜುಲೈ ಕೊನೆಯ ಶನಿವಾರ ಭಟ್ಕಳದಿಂದ ಸಂಜಯನ ಫೋನು ಬಂತು. ಸಾವ್ಕಾರ ಮೆತ್ತಗೆ ಮಾತಾಡುವ ಮನುಷ್ಯ, ಮೆತ್ತಗೆ ಮಾತಾಡಿದಷ್ಟೂ ಕೇಳುವವರು ಎದ್ದು ನಿಲ್ಲುತ್ತಾರೆ. "ದಾಸಣ್ಣ, ಹೊಸ ಬಲೆ ಹಾಕ್ಸಿದ್ದೇನೆ ಈ ಸಲ. ಮೂವತ್ತನೇ ತಾರೀಖಿಗೆ ನಾನೇ ಬಂದು ಯಂತ್ರ ನೋಡ್ತೆ. ಗುರುತು ತುಂಬಿರ್ಬೇಕು. ಇಲ್ಲದಿದ್ರೆ ಇಲ್ಲಿ ಒಬ್ಬ ಹುಡುಗ ತಾಂಡೇಲ ಇದ್ದಾನೆ, ಅವನ ಹತ್ರ ಎಲ್ಲಾ ಪೆನ್‌ಡ್ರೈವಿನಲ್ಲಿ ಅದೆ. ಬೇಜಾರ ಮಾಡ್ಕಂಬೇಡ, ಅವನ್ನ ಹತ್ತಿಸ್ತೆ."

ದಾಸ "ಆತು ಆತು" ಅಂತ ಫೋನಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತ. ಹೊಸ ಫೋನಿನಿಂದ ಆ ಒಂದು ಫೋಟೋ ಇಳಿಸಿ ಬೀಗಕ್ಕೆ ತೋರಿಸಿದ. ತೆರೆಯಲಿಲ್ಲ. ಮತ್ತೆ ತೋರಿಸಿದ. ಮಧ್ಯಾಹ್ನದವರೆಗೆ ತೋರಿಸಿದ. ಬೀಗ 'ತಪ್ಪು ಕೈ' ಅನ್ನುವುದನ್ನೇ ಅನ್ನುತ್ತ ಹೋಯಿತು. ಸಂಜೆ ಅವನು ಊಟಕ್ಕೆ ಏಳದಿದ್ದಾಗ ದುರ್ಗಿಗೆ ಹೆದರಿಕೆ ಹತ್ತಿತು. ಈ ಮನುಷ್ಯ ಹೆಣದ ಮನೆಯಲ್ಲೂ ಊಟ ಬಿಟ್ಟವನಲ್ಲ.

ಅವಳ ಹೆದರಿಕೆಗೆ ಕಾರಣ ಇತ್ತು. ಐವತ್ತೇಳು ವರ್ಷಕ್ಕೆ ತಾಂಡೇಲನ ಜಾಗ ಹೋದರೆ ಮತ್ತೆ ಸಿಗುವುದಿಲ್ಲ. ಒಂದೋ ಯಾವನೋ ಹುಡುಗನ ಕೈಕೆಳಗೆ ಖಲಾಸಿಯಾಗಿ ಹಗ್ಗ ಎಳೆಯಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. ಹಗ್ಗ ಎಳೆಯಲು ಅವನ ಸೊಂಟ ಒಪ್ಪುವುದಿಲ್ಲ, ಸೊಂಟ ಒಪ್ಪಿದರೂ ಮೂಗು ಒಪ್ಪುವುದಿಲ್ಲ. ಇನ್ನು ಮನೆಯಲ್ಲಿ ಕೂರುವುದು: ಬಂದ್ ಇರುವ ಎರಡು ತಿಂಗಳಲ್ಲೇ ಅವನು ಬೆಕ್ಕು ಎಲ್ಲಿಗೆ ಹೋಗಿ ಬರುತ್ತದೆ ಅಂತ ವಿಚಾರಣೆ ಶುರುಮಾಡಿರುತ್ತಾನೆ. ಹನ್ನೆರಡು ತಿಂಗಳು ಇದನ್ನು ಯಾರು ತಡೆಯುತ್ತಾರೆ? ಅದೆಲ್ಲ ಹಾಗಿರಲಿ, ಗಂಡ ಲ್ಯಾಪ್‌ಟಾಪಿನ ಮುಂದೆ ತಲೆ ತಗ್ಗಿಸಿ ಕೂತದ್ದನ್ನು ನೋಡಲಾರದೆ ಅವಳು ದಿವ್ಯಶ್ರೀಗೆ ಫೋನು ಹಚ್ಚಿದಳು.

ದಿವ್ಯಶ್ರೀ ಭಾನುವಾರ ಬಂದಳು. "ಯಾವ ಫೋಟೋ ದೊಡ್ಡಪ್ಪ?" ಅಂದಳು.

"ಅದನ್ನ ಕೇಳ್ಬೇಡ."

"ಕೇಳದೆ ನಾ ಎಂತ ಮಾಡೂದು?"

"ಬೇರೆ ಎಂತಾದ್ರೂ ಮಾಡು. ನೀ ಕಲ್ತವಳಲ್ವಾ."

ಹಳೇ ಫೋನು ಕೊಡಿ ಅಂತ ಅವಳು ಕೇಳಿದಾಗ ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಟಬ್ಬಿನ ಮುಖ ನೋಡಿದಳು. ಮರುದಿನ ಬೆಳಿಗ್ಗೆಯೇ ದುರ್ಗಿ ಮೈಕಿನ ಗಾಡಿಯವನನ್ನು ಹುಡುಕಿ ಹೊರಟು, ಬಸ್‌ಸ್ಟ್ಯಾಂಡಿನ ಹಿಂದೆ ಹಿಡಿದಳು. ಅವನಿಗೆ ಇವಳ ನೆನಪಿತ್ತು, ಜಗಳ ಅಷ್ಟು ಸೊಗಸಾಗಿ ಆಗಿತ್ತು. "ಅಕ್ಕಾ, ಅದೆಲ್ಲ ಚೀಲ ತುಂಬಿ ಹುಬ್ಬಳ್ಳಿಗೆ ಹೋತು. ಅಲ್ಲಿ ಸುತ್ತಿಗೆಯಲ್ಲಿ ಒಡೀತಾರೆ" ಅಂದ. ದುರ್ಗಿ ಬರಿಗೈಯಲ್ಲಿ ವಾಪಸಾದಳು. ಆ ದಿನ ಅವಳ ಮೀನಿಗೆ ಚೌಕಾಸಿ ಮಾಡಲು ಬಂದವರ ಗ್ರಹಚಾರ ಸರಿ ಇರಲಿಲ್ಲ.

ಆದರೆ ಇಪ್ಪತ್ತೇಳು ವರ್ಷ ಮೀನು ಮಾರಿದವಳಿಗೆ ಬಾಯಿ ಬಿಡಿಸುವ ದಾರಿ ಗೊತ್ತಿಲ್ಲದೆ ಇರುತ್ತದಾ? ಮಂಗಳವಾರ ದಿವ್ಯಶ್ರೀಗೆ ರಜೆ ಹಾಕಿಸಿ ಕರೆಸಿಕೊಂಡಳು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಒಣ ಸಿಗಡಿ ಚಟ್ನಿ, ಮೇಲೆ ಗಟ್ಟಿ ಮಜ್ಜಿಗೆ ಬಡಿಸಿದಳು. ದಾಸ ಎರಡು ದಿನದ ಉಪವಾಸ ಮುರಿದು ಮೂರು ಸಲ ಹಾಕಿಸಿಕೊಂಡು ಜಗಲಿಯಲ್ಲಿ ಅಡ್ಡಾದ. ಇಬ್ಬರೂ ಹೆಂಗಸರು ಅವನ ತಲೆಯ ಆಚೆ ಈಚೆ ಕೂತರು, ದಿವ್ಯಶ್ರೀಯ ಕೈಯಲ್ಲಿ ಪೆನ್ನು. ಗುರುತುಗಳನ್ನೇ ಹೇಳಿಬಿಟ್ಟರೆ ಬೀಗದ ಗೊಡವೆಯೇ ಇಲ್ಲ, ಬರೆದುಕೊಂಡರಾಯಿತು ಅಂತ ದುರ್ಗಿಯ ಲೆಕ್ಕ.

ಹತ್ತು ನಿಮಿಷ ಬರೀ ಗೊರಕೆ. ಆಮೇಲೆ ತುಟಿ ಅಲ್ಲಾಡಿತು. ಗುರುತು ಬರಲಿಲ್ಲ. "ಬಿಳಿ ಅಂಗಿ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹಲ್ಲು ಕಿಸೀತಾ ನಿಂತಾನೆ, ಬೇವರ್ಸಿ" ಅಂದ. ಮತ್ತೆ ಗೊರಕೆ. ಆಮೇಲೆ ಬಹಳ ಸಂಕಟದ ದನಿಯಲ್ಲಿ, "ರಾಜೇಶನ ಮುಖ. ರಾಜೇಶನ ಮುಖ ತೋರ್ಸು, ಬೀಗ ತೆಗೀತದೆ" ಅಂದು ಮಗ್ಗುಲು ತಿರುಗಿದ.

ದುರ್ಗಿ ಅವನನ್ನು ಕಾಲಲ್ಲಿ ತಿವಿದು ಎಬ್ಬಿಸಿದಳು. "ನನ್ನ ತಮ್ಮನ ಫೋಟೋನಾ ನಿಮ್ಮ ಬೀಗದ ಕೈ?"

ದಾಸ ಎದ್ದು ಕೂತು ಕಣ್ಣುಜ್ಜಿ, ಸಿಕ್ಕಿಬಿದ್ದೆ ಅಂತ ಗೊತ್ತಾದ ಮೇಲೆ ಇದ್ದದ್ದನ್ನು ಹೇಳಿದ. ಎರಡು ವರ್ಷದ ಹಿಂದೆ ನೆಂಟರ ಮದುವೆಯಲ್ಲಿ ದುರ್ಗಿಯೇ ಅವನ ಕೈಹಿಡಿದು ಎಳೆದುಕೊಂಡು ಹೋಗಿ ತಮ್ಮನ ಫೋಟೋ ತೆಗೆಸಿದ್ದಳು. ಹಲ್ಲು ಕಚ್ಚಿಕೊಂಡು ತೆಗೆದದ್ದು, ದುರದೃಷ್ಟಕ್ಕೆ ಚೆನ್ನಾಗಿ ಬಂದುಬಿಟ್ಟಿತ್ತು. "ನಾನು ಆ ಮುಖನ ಜೋಪಾನ ಮಾಡಿ ಇಟ್ಕಂಡಿದ್ದೆ ಅಂತ ಯಾವ ಕಳ್ಳನಾದ್ರೂ ಅಂದಾಜು ಮಾಡ್ತಾನಾ? ಅದಕ್ಕೇ ಅದನ್ನ ಹಾಕ್ದೆ" ಅಂದ. ತಮ್ಮನಿಗೆ ಬೇವರ್ಸಿ ಅಂದದ್ದಕ್ಕೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಉಪಾಯ ಮಾತ್ರ ಅವಳಿಗೂ ಹಿಡಿಸಿತು.

ದಿವ್ಯಶ್ರೀ ಹೊಸ ಫೋನಿನಲ್ಲಿ ಆ ಫೋಟೋ ತೆಗೆದು ನೋಡಿ ತಲೆ ಆಡಿಸಿದಳು. "ಇದು ವಾಟ್ಸಾಪಿನಲ್ಲಿ ಹೋಗಿ ಬಂದದ್ದು. ಅದು ಫೋಟೋನ ಹಿಂಡಿ ಸಣ್ಣ ಮಾಡಿ ಕಳಿಸ್ತದೆ. ನೋಡೂಕೆ ರಾಜೇಶ ಮಾವನೇ, ಒಳಗಿನ ಅಂಕಿ ಎಲ್ಲಾ ಬೇರೆ."

"ಅಂದ್ರೆ ಒಣಮೀನು" ಅಂದಳು ದುರ್ಗಿ. "ನೀರಿಗೆ ಹಾಕಿದ್ರೂ ಹಸಿ ಆಗೂದಿಲ್ಲ."

"ಹಾಗೇ ದೊಡ್ಡಮ್ಮ. ನಮಗೆ ಹಸಿ ಮೀನೇ ಬೇಕು. ಹಿಂಡದೆ ಇದ್ದದ್ದು."

ದುರ್ಗಿ ಸೆರಗಿನ ತುದಿ ಸುತ್ತುತ್ತ, ಬಿಡಿಸುತ್ತ, ಕೊನೆಗೆ ಹೇಳಿದಳು. ಹೋದ ವರ್ಷ ಜೂನಿನಲ್ಲಿ ರಾಜೇಶ ಮೀನುಗಾರರ ಸೊಸೈಟಿಗೆ ನಿರ್ದೇಶಕನಾಗಿ ಆರಿಸಿ ಬಂದಾಗ, ತನಗೆ ತಾನೇ ಅಭಿನಂದನೆಯ ಫ್ಲೆಕ್ಸು ಹಾಕಿಸಿಕೊಂಡಿದ್ದ. ಕೆಳಗೆ 'ಅಭಿಮಾನಿ ಬಳಗ' ಅಂತ ಬರೆಸಿದ್ದ. ಅದಕ್ಕೆ ಈ ಫೋಟೋವೇ ಬೇಕೆಂದು ಹಟ ಹಿಡಿದ. ಅಕ್ಕ ವಾಟ್ಸಾಪಿನಲ್ಲಿ ಕಳಿಸಿದಳು. ಕುಮಟಾದ ಫ್ಲೆಕ್ಸ್ ಅಂಗಡಿಯವನು "ಇದು ದೊಡ್ಡದು ಮಾಡಿದ್ರೆ ಒಡೀತದೆ, ಫೋನೇ ತನ್ನಿ" ಅಂದ. ದುರ್ಗಿ ಗಂಡ ಮಲಗಿದ್ದಾಗ ಅವನ ಫೋನನ್ನು ಮೀನಿನ ಬುಟ್ಟಿಯಲ್ಲಿ ಬಾಳೆಎಲೆಯ ಅಡಿಗೆ ಇಟ್ಟುಕೊಂಡು ಕುಮಟಾಕ್ಕೆ ಹೋಗಿ ಬಂದಿದ್ದಳು. ಅಂಗಡಿಯವನು ವೈರು ಹಾಕಿ ಫೋಟೋ ಇಳಿಸಿಕೊಂಡಿದ್ದ.

ದಾಸ ಅವಳನ್ನೇ ನೋಡಿದ. ಮೆಕ್ಯಾನಿಕ್ಕು, ಖಲಾಸಿ, ಬೆಕ್ಕು ಎಲ್ಲರ ಮೇಲೆ ಕಣ್ಣಿಟ್ಟವನು ಮನೆಯೊಳಗಿನ ಕಳ್ಳಿಯನ್ನು ಬಿಟ್ಟಿದ್ದ. ಬೈಯಲು ಬಾಯಿ ತೆರೆದು, ಬೈದರೆ ಕೆಲಸ ಕೆಡುತ್ತದೆ ಅಂತ ಹೊಳೆದು, ಮುಚ್ಚಿದ. "ಬಸ್ಸು ಎಷ್ಟೊತ್ತಿಗೆ?" ಅಂದ.

ಕುಮಟಾದ ಆ ಅಂಗಡಿಯ ಅಜಯ ಒಳ್ಳೆಯ ಕೆಲಸಗಾರ, ಆದರೆ ಅವನ ಕಂಪ್ಯೂಟರು ಹರಾಜು ಮುಗಿದ ಮೀನು ಮಾರುಕಟ್ಟೆಯ ಹಾಗಿತ್ತು. ಯಾವುದನ್ನೂ ಅಳಿಸಿದವನಲ್ಲ, ಜೋಡಿಸಿದವನೂ ಅಲ್ಲ. ಕಬಡ್ಡಿ ಪಂದ್ಯಾವಳಿ, ಗೃಹಪ್ರವೇಶ, ತೀರಿಕೊಂಡವರು, ಆರಿಸಿ ಬಂದವರು ಎಲ್ಲಾ ಒಂದೇ ಕಡೆ ರಾಶಿ. ಹುಡುಕಿ ಹುಡುಕಿ ರಾಜೇಶನನ್ನು ತೆಗೆದ. ಪರದೆಯ ಮೇಲೆ ಬಂದವ ಕೋಟು ಹಾಕಿಕೊಂಡು, ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ, ತಲೆತುಂಬ ಕೂದಲು ಇಟ್ಟುಕೊಂಡು ನಿಂತಿದ್ದ.

"ಇದು ನಾ ರಿಪೇರಿ ಮಾಡಿದ್ದು" ಅಂದ ಅಜಯ.

"ರಿಪೇರಿ ಮಾಡದಿದ್ದದ್ದು ಬೇಕಿತ್ತು" ಅಂದಳು ದಿವ್ಯಶ್ರೀ.

ಅದೂ ಇದೆ, ಆದರೆ ಕೊಡಲಾಗುವುದಿಲ್ಲ ಅಂದ ಅವನು. ಹೋದ ಚುನಾವಣೆಯಲ್ಲಿ ಯಾರೋ ಒಬ್ಬ ಅಭ್ಯರ್ಥಿಯ ಫೋಟೋ ಇಸಿದುಕೊಂಡು ಹೋಗಿ, ಬೇರೆ ಕಡೆ ಶ್ರದ್ಧಾಂಜಲಿಯ ಫ್ಲೆಕ್ಸು ಮಾಡಿಸಿ ಅವನ ಮನೆಯೆದುರೇ ಕಟ್ಟಿದ್ದರು. ಬದುಕಿದ್ದವನು ಅಂಗಡಿಗೆ ಬಂದು ಮಾಡಿದ ಗಲಾಟೆ ಅಜಯ ಇನ್ನೂ ಮರೆತಿಲ್ಲ. "ಮುಖ ಯಾರದ್ದೋ ಅವರು ಫೋನಿನಲ್ಲಿ ಆತು ಅಂದ್ರೆ ಕೊಡ್ತೆ. ಅವರ ಅಕ್ಕ ಬಂದ್ರೂ ಅಷ್ಟೆ, ತಪ್ಪು ತಿಳ್ಕಂಬೇಡಿ ದುರ್ಗಿಯಕ್ಕ."

ದುರ್ಗಿ ತಮ್ಮನಿಗೆ ಫೋನು ಹಚ್ಚಿ ವಿಷಯ ಶುರುಮಾಡಿದಳು. ರಾಜೇಶ ನಡುವೆಯೇ ತಡೆದ. "ಬೇಕಾದವರು ಕೇಳ್ಲಿ ಅಕ್ಕ. ನಾಲ್ಕು ವರ್ಷ ಆತು ಅವರ ದನಿ ಕೇಳದೆ." ಅವಳು ಫೋನನ್ನು ಗಂಡನತ್ತ ಚಾಚಿದಳು. ದಾಸ ಅದನ್ನು ಏಡಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇಪ್ಪತ್ತೊಂಬತ್ತನೇ ತಾರೀಖು ಅವನನ್ನೇ ನೋಡುತ್ತಿತ್ತು.

"ಹಲೋ" ಅಂದ.

"ಭಾವ."

"ಹ್ಞಾಂ. ನಿನ್ನದೊಂದು ಫೋಟೋ ಬೇಕಿತ್ತು."

"ನನ್ನ ಫೋಟೋ ನಿಮಗೆ ಎಂತಕ್ಕೆ?"

ಬೀಗದ ಕೈ ಅಂತ ಹೇಳಿದರೆ ಮುಗಿಯಿತು, ನಾಳೆ ಬಂದರಿಗೆಲ್ಲ ಸುದ್ದಿ. ದಾಸ ಅಂಗಡಿಯ ಸುತ್ತ ಕಣ್ಣಾಡಿಸಿದ. ಮೂಲೆಯಲ್ಲಿ ಫ್ರೇಮು ಹಾಕಿದ ಪಟಗಳ ಸಾಲಿತ್ತು. "ಮನೇಲಿ ಹಾಕೂಕೆ" ಅಂದುಬಿಟ್ಟ.

ಅತ್ತಲಿಂದ ಮೂಗು ಎಳೆದ ಸದ್ದು ಬಂತು. "ನಾ ಮಾಡಿದ್ದು ತಪ್ಪು ಭಾವ" ಅಂದ ರಾಜೇಶ. "ಆ ಎಂಟು ಗುರುತಿನಲ್ಲಿ ಐದು ಕಡೆ ನಂಗೆ ಬಲೆ ಹರೀತು. ಯಾರ ಹತ್ರ ಹೇಳೂದು? ಫೋಟೋ ತಗೊಳ್ಳಿ. ಹಾರ ಮಾತ್ರ ಹಾಕ್ಬೇಡಿ, ನಾ ಇನ್ನೂ ಬದ್ಕಿದ್ದೇನೆ."

"ಉಂಡ್ಯಾ?" ಅಂತ ಕೇಳಿದ ದಾಸ. ಸಂಜೆ ನಾಲ್ಕು ಗಂಟೆಗೆ ಕೇಳುವ ಪ್ರಶ್ನೆಯೇನಲ್ಲ, ಆದರೆ ರಾಜೇಶ ಉಂಡೆ ಅಂದ.

ಅಜಯ ಮೂಲ ಫೋಟೋ ಕೊಟ್ಟ. ದಿವ್ಯಶ್ರೀ ಜೊತೆಗೆ ತಂದಿದ್ದ ಲ್ಯಾಪ್‌ಟಾಪು ತೆರೆದು ಅದನ್ನು ಬೀಗಕ್ಕೆ ತೋರಿಸಿದಳು. ಒಂದು ಕ್ಷಣ ಪರದೆ ಹಾಗೇ ನಿಂತಿತು, ದುರ್ಗಿ ಇದ್ದಬದ್ದ ದೇವರಿಗೆಲ್ಲ ಒಂದೊಂದು ತೆಂಗಿನಕಾಯಿ ಹೇಳಿಕೊಂಡಳು. ಬೀಗ ತೆರೆಯಿತು. ದಾಸ ಮರುಗಳಿಗೆಯೇ ಎರಡೂ ಅಂಗೈಯನ್ನು ಪರದೆಗೆ ಅಡ್ಡ ಹಿಡಿದ.

"ಇನ್ನು ಎಂತ ಮುಚ್ಚಿಡೂದು? ಸರೀರಿ" ಅಂತ ದುರ್ಗಿ ಅವನ ಕೈ ಎಳೆದಳು.

ಮುಚ್ಚಿಡುವಂಥದ್ದೇ ಇತ್ತು. ಪ್ರತಿ ಗುರುತಿಗೂ ಒಂದು ಹೆಸರು ಇಡಬೇಕಾಗುತ್ತದೆ, ಮೂವತ್ತು ವರ್ಷ ದಾಸ ತನಗೆ ತೋಚಿದ ಹೆಸರು ಇಟ್ಟಿದ್ದ. ದಿವ್ಯಶ್ರೀ ಓದುತ್ತ ಹೋದಳು. ರಾಜೇಶ ಒಂದು, ರಾಜೇಶ ಎರಡು, ರಾಜೇಶ ಮೂರು, ಹೀಗೆ ಹತ್ತೊಂಬತ್ತು ರಾಜೇಶರು. ಎಲ್ಲರ ಮೇಲೂ ಕೆಂಪು ಗೀಟು, ಎಲ್ಲರೂ ಬಲೆ ಹರಿಯುವ ಕಲ್ಲುಗಳು. 'ಸಾವ್ಕಾರ' ಅಂತ ಒಂದು ಜಾಗ, ಅಲ್ಲಿ ಬರೀ ಕೆಸರು. 'ಸೊಸೈಟಿ' ಅಂತ ಇನ್ನೊಂದು, ಅಲ್ಲಿ ಗುಂಡಿ. ಮೀನು ಬೀಳುವ ಕಡೆ 'ಅವ್ವ' ಇತ್ತು, 'ದಿವ್ಯಶ್ರೀ ಪಾಸಾದ ದಿನ' ಇತ್ತು. ಓದುತ್ತಿದ್ದವಳು ಅಲ್ಲಿ ನಿಂತು ದೊಡ್ಡಪ್ಪನ ಕಡೆ ಒಮ್ಮೆ ನೋಡಿದಳು. ಅಜಯ ನಕ್ಕು ನಕ್ಕು ಕುರ್ಚಿಗೆ ಒರಗಿಬಿಟ್ಟಿದ್ದ.

"ನಂದು ಎಲ್ಲಿ?" ಅಂದಳು ದುರ್ಗಿ.

"ಬಸ್ಸಿಗೆ ಹೊತ್ತಾತು" ಅಂದ ದಾಸ.

"ನಂದು ಎಲ್ಲಿ ಅಂತ ಕೇಳ್ದೆ. ಕಲ್ಲಾ, ಕೆಸರಾ?"

ಕೆಳಗೆ ಕೆಳಗೆ ಹೋಗಿ ದಿವ್ಯಶ್ರೀ ಹುಡುಕಿ ತೆಗೆದಳು. ಒಂದೇ ಒಂದಿತ್ತು: ದುರ್ಗಿ. ಮದುವೆಯಾಗಿ ಮೂವತ್ತೊಂದು ವರ್ಷ, ಈ ಮನುಷ್ಯ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ಏ, ಇವಳೆ, ಕೇಳ್ತಾ, ಇಷ್ಟರಲ್ಲೇ ಸಂಸಾರ ಮಾಡಿದವ. ಅವಳ ಹೆಸರನ್ನು ಅವನು ಒಂದೊಂದೇ ಅಕ್ಷರ ಒತ್ತಿ ಬರೆದಿದ್ದ. ದಡದಿಂದ ಹದಿನಾಲ್ಕು ಮೈಲು ದೂರ, ಪಡುವಣ ದಿಕ್ಕಿಗೆ. ಕೆಂಪು ಗೀಟೂ ಇಲ್ಲ, ಮೀನಿನ ಚಿತ್ರವೂ ಇಲ್ಲ.

"ಅಲ್ಲಿ ಎಂತ ಅದೆ?"

"ಎಂತದೂ ಇಲ್ಲ."

"ಎಂತದೂ ಇಲ್ದಿದ್ದ ಜಾಗಕ್ಕೆ ನನ್ನ ಹೆಸರಾ?"

ದಾಸ ಕಿವಿ ತುರಿಸಿಕೊಂಡ. ಅಜಯ ಇದ್ದಾನೆ, ಹುಡುಗಿ ಇದ್ದಾಳೆ. ಹೇಳದೆ ಬಿಟ್ಟರೆ ಇವಳು ಬಸ್ಸಿನಲ್ಲಿ ಎಲ್ಲರೆದುರು ಹೇಳಿಸುತ್ತಾಳೆ. "ಅಲ್ಲಿಂದ ಮುಂದೆ ಮೊಬೈಲಿಗೆ ರೇಂಜ್ ಇಲ್ಲ" ಅಂದ.

ಬೋಟು ಹೊರಟು ಎರಡು ತಾಸಿಗೆ ಪ್ರತಿ ಸಲವೂ ಅವನ ಫೋನು ಬರುತ್ತದೆ. ಬಂದದ್ದೇ ದುರ್ಗಿ ಶುರುಮಾಡುತ್ತಾಳೆ: ಅದು ಮಾಡಲಿಲ್ಲ, ಇದು ತರಲಿಲ್ಲ, ಹೇಳಿದ್ದು ಮರೆತಿರಿ. ಬೈದು ಸಾಕಾದ ಮೇಲೆ ಅವಳೇ ಇಡುತ್ತಾಳೆ. ಒಂದು ಸಲವೂ ಮಾತು ನಡುವೆ ಕಡಿದುಹೋದದ್ದಿಲ್ಲ. ಯಾಕೆ ಕಡಿದುಹೋಗಲಿಲ್ಲ ಅಂತ ಅವಳು ಯೋಚನೆ ಮಾಡಿದವಳಲ್ಲ.

"ನೀ ಬೈದು ಮುಗಿಸುವವರೆಗೆ ಅಲ್ಲೇ ಇರೂದು" ಅಂದ ದಾಸ ಕ್ಯಾಲೆಂಡರು ನೋಡುತ್ತ. "ಎಂಜಿನ್ ಕಡಿಮೆ ಮಾಡ್ಕಂಡು ಅಲ್ಲೇ ಸುತ್ತ ಹೊಡೀತೆ. ಖಲಾಸಿಗಳು ಚಾ ಮಾಡ್ಕಂಡು ಕುಡೀತಾರೆ."

ದುರ್ಗಿಗೆ ಎದೆ ತುಂಬಿ ಬಂತು. ಅದನ್ನು ಇಲ್ಲಿ, ಕಬಡ್ಡಿ ಫ್ಲೆಕ್ಸುಗಳ ನಡುವೆ, ತೋರಿಸಲು ಅವಳು ತಯಾರಿರಲಿಲ್ಲ. "ಡೀಸೆಲ್ ಸುಡೂದಿಲ್ವಾ?" ಅಂದಳು.

"ಸಾವ್ಕಾರಂದು" ಅಂದ ದಾಸ.

ಮೂವತ್ತನೇ ತಾರೀಖು ಸಂಜಯ ಭಟ್ಕಳದಿಂದ ಬಂದು ಯಂತ್ರ ನೋಡಿದ. ಗುರುತುಗಳೆಲ್ಲ ಇದ್ದವು. ದಿವ್ಯಶ್ರೀ ಬುದ್ಧಿವಂತೆ, ಸಾವ್ಕಾರನ ಕೆಸರಿಗೆ ಬೇರೆ ಹೆಸರು ಇಟ್ಟಿದ್ದಳು. "ಹಾಗಾದ್ರೆ ನೀನೇ ಹೋಗು ದಾಸಣ್ಣ" ಅಂತ ಮೆತ್ತಗೆ ಹೇಳಿ ಹೋದ.

ಆಗಸ್ಟ್ ಒಂದರಂದು ಬೋಟುಗಳು ಶರಾವತಿಯ ಅಳಿವೆ ದಾಟಿ ಸಮುದ್ರಕ್ಕಿಳಿದವು. ಎರಡು ತಾಸಿಗೆ ಸರಿಯಾಗಿ ದುರ್ಗಿಯ ಫೋನು ಬಡಿದುಕೊಂಡಿತು. ಅವಳು ಅಂಗಳದಲ್ಲಿ ಅರ್ಧ ತೊಳೆದ ಪಾತ್ರೆ ಬಿಟ್ಟು, ಕೈ ಒರೆಸಿಕೊಂಡು ಎತ್ತಿದಳು. ಅತ್ತಕಡೆ ಎಂಜಿನ್ನಿನ ಸದ್ದು ದಡದಡ ಇದ್ದದ್ದು ನಿಧಾನವಾಗಿ ಇಳಿಯಿತು. ಇಷ್ಟು ವರ್ಷ ಅದು ಅವಳ ಕಿವಿಗೆ ಬಿದ್ದೇ ಇರಲಿಲ್ಲ.

"ಮಾಡಿನ ಹಂಚು ಸೋರ್ತದೆ ಅಂತ ಹೇಳಿದ್ದೆ, ನೋಡದೆ ಹೋದ್ರಿ" ಅಂದಳು. ಹಂಚು ಆಯಿತು. ಕಾಯಿ ಕೀಳುವವನಿಗೆ ಹೇಳದೆ ಹೋದದ್ದಾಯಿತು. ಪಕ್ಕದ ಮನೆಯ ಕೋಳಿ ಹರಿವೆ ಮಡಿ ಕೆದಕಿದ್ದಾಯಿತು, ಅದಕ್ಕೂ ಇವನೇ ಕಾರಣ. ಅಷ್ಟಕ್ಕೆ ಬೈಗುಳ ಮುಗಿದುಹೋಯಿತು. ದುರ್ಗಿ ಫೋನು ಇಡಲಿಲ್ಲ. ಅತ್ತಲಿಂದ ನೀರು ಬೋಟಿನ ಹೊಟ್ಟೆಗೆ ತಟ್ಟುವುದು, ಖಲಾಸಿಗಳ ಚಾ ಲೋಟದ ಸದ್ದು ಕೇಳುತ್ತಿತ್ತು.

"ಬೈಯೂದು ಇನ್ನೂ ಅದೆಯಾ?" ಅಂದ ದಾಸ.

"ತಡೀರಿ" ಅಂದಳು, "ನೆನಪು ಮಾಡ್ಕಂತೆ."